ಹಿತ್ತಲಿಗೆ ಯಾವ ಬ್ಲ್ಯಾಕ್‌ಬೆರಿ ಹಾಕಲಿ? ಹೆಸರು ಓದಿಯೇ ತಲೆ ಕೆಟ್ಟಿದೆ

ಹಿತ್ತಲಗಿಡ (ಕೇರಿ, ನಾರ್ತ್ ಕೆರೊಲಿನಾ) · ಮಾರ್ಚ್ 4, 2023

ಎಲ್ಲರಿಗೂ ನಮಸ್ಕಾರ. ಹೋದ ಅಕ್ಟೋಬರ್‌ನಲ್ಲಿ ಇಲ್ಲಿ ಮನೆ ತಗೊಂಡೆವು. ಹಿತ್ತಲಿನ ಬೇಲಿ ಉದ್ದಕ್ಕೂ 30 ಅಡಿ ಜಾಗ ಖಾಲಿ ಬಿದ್ದಿದೆ. ಏಳೆಂಟು ಗಂಟೆ ಬಿಸಿಲು ಬೀಳುತ್ತದೆ. ಮಗಳಿಗೆ ಆರು ವರ್ಷ, ಬ್ಲ್ಯಾಕ್‌ಬೆರಿ ಅಂದರೆ ಪ್ರಾಣ. ಅಂಗಡಿಯಲ್ಲಿ ಅಂಗೈಯಗಲದ ಡಬ್ಬಿಗೆ ಕೊಡುವ ದುಡ್ಡು ನೋಡಿ ನಮ್ಮವರು "ಗಿಡವನ್ನೇ ಹಾಕಿಬಿಡೋಣ" ಅಂದರು.

ಶನಿವಾರ ನರ್ಸರಿಗೆ ಹೋದರೆ ಒಂದಲ್ಲ ಎರಡಲ್ಲ, ಎಂಟು ಹೆಸರು. ನಾಚೆಜ್, ನವಾಹೊ, ಅರಾಪಹೊ, ಟ್ರಿಪಲ್ ಕ್ರೌನ್, ಚೆಸ್ಟರ್, ಕಯೋವಾ, ಪ್ರೈಮ್-ಆರ್ಕ್ ಫ್ರೀಡಂ. ಇನ್ನೊಂದು ಹೆಸರನ್ನು ನಾನು "ಔಆಚಿತಾ" ಅಂತ ಓದಿದೆ. ಅಲ್ಲಿದ್ದ ಹುಡುಗ ನಗು ತಡೆದುಕೊಂಡ. ಎಲ್ಲದರ ಚೀಟಿಯಲ್ಲೂ "ಸಿಹಿ, ದೊಡ್ಡ ಹಣ್ಣು, ಬೆಳೆಯುವುದು ಸುಲಭ" ಅಂತಲೇ ಬರೆದಿದೆ. ಏನೂ ತಗೊಳ್ಳದೆ ವಾಪಸ್ ಬಂದೆವು.

ನಾನು ತಿಪಟೂರು ಕಡೆಯವಳು. ತೆಂಗಿನ ಸಸಿ ತಂದು ಮುಂದಿಟ್ಟರೆ ಯಾವುದು ಒಳ್ಳೆಯದು ಅಂತ ಹೇಳಿಯೇನು. ಇದರಲ್ಲಿ ಮಾತ್ರ ಸೊನ್ನೆ. ಮುಳ್ಳು ಬೇಡ, ಸಿಹಿ ಬೇಕು, ಔಷಧಿ ಹೊಡೆಯುವ ಕೆಲಸ ಆದಷ್ಟು ಕಡಿಮೆ ಇರಬೇಕು. ಬೆಳೆಸಿದವರು ದಯವಿಟ್ಟು ಹೇಳಿ.

ಜರ್ಸಿಹಸು (ಎಡಿಸನ್, ನ್ಯೂ ಜೆರ್ಸಿ) · ಮಾರ್ಚ್ 4

ಹೇಳ್ತೀವಿ. ಅದಕ್ಕೆ ಮುಂಚೆ ಒಂದು ಪ್ರಶ್ನೆ. ನೀವು ಊರಿಗೆ ಯಾವ ತಿಂಗಳು ಹೋಗ್ತೀರಿ?

ಹಿತ್ತಲಗಿಡ · ಮಾರ್ಚ್ 4

ಸ್ಕೂಲು ಮುಗಿದ ತಕ್ಷಣ. ಜೂನ್ ಎರಡನೇ ವಾರ ಹೊರಟರೆ ಜುಲೈ ಕೊನೆಗೆ ವಾಪಸ್. ಯಾಕೆ? ಅದಕ್ಕೂ ಗಿಡಕ್ಕೂ ಏನು ಸಂಬಂಧ?

ಜರ್ಸಿಹಸು · ಮಾರ್ಚ್ 4

ಸಂಬಂಧ ಇದೆ ತಾಯಿ. ನಾನು ಮೂರು ವರ್ಷ ನವಾಹೊ ಬೆಳೆಸಿ ಒಂದು ಹಣ್ಣೂ ತಿನ್ನಲಿಲ್ಲ. ಪ್ರತಿ ವರ್ಷ ಮಂಡ್ಯದಲ್ಲಿ ಮಾವಿನಹಣ್ಣು ತಿಂದುಕೊಂಡು ಕೂತಿರುವಾಗ ಪಕ್ಕದ ಮನೆಯವರು ಫೋಟೋ ಕಳಿಸೋರು: "ಥ್ಯಾಂಕ್ಯೂ, ಬೆರಿ ತುಂಬಾ ಚೆನ್ನಾಗಿದೆ!"

ಮಳೆರಾಯ (ಬೀವರ್ಟನ್, ಒರೆಗಾನ್) · ಮಾರ್ಚ್ 5

ರುಚಿ ಬೇಕು ಅಂದರೆ ಮ್ಯಾರಿಯನ್ ಒಂದೇ. ಉಳಿದದ್ದೆಲ್ಲ ಸಿಹಿನೀರು. ಇಲ್ಲೇ ಕೊರ್ವಾಲಿಸ್‌ನಲ್ಲಿ ಬೆಳೆಸಿ 1956ರಲ್ಲಿ ಬಿಡುಗಡೆ ಮಾಡಿದ ತಳಿ. ಮ್ಯಾರಿಯನ್ ಕೌಂಟಿಯಲ್ಲಿ ಪರೀಕ್ಷೆ ಮಾಡಿದ್ದಕ್ಕೆ ಆ ಹೆಸರು. ಹುಳಿ, ಸಿಹಿ, ಜೊತೆಗೆ ಒಂಥರಾ ದ್ರಾಕ್ಷಾರಸದ ಘಮ. ಜಾಮ್ ಮಾಡಿದರೆ ಮನೆಯೆಲ್ಲ ವಾಸನೆ. ಮುಳ್ಳಿದೆ, ಒಪ್ಪುತ್ತೇನೆ. ಮುಳ್ಳು ಬೇಡದವರಿಗೆ ಕೊಲಂಬಿಯಾ ಸ್ಟಾರ್ ಇದೆ, ಬ್ಲ್ಯಾಕ್ ಡೈಮಂಡ್ ಇದೆ.

ಇನ್ನೊಂದು ತಮಾಷೆ. ಇಲ್ಲಿ ರಸ್ತೆ ಬದಿ, ರೈಲು ಹಳಿ, ಖಾಲಿ ಸೈಟು, ಎಲ್ಲಿ ನೋಡಿದರೂ ಒಂದು ಕಾಡು ಬ್ಲ್ಯಾಕ್‌ಬೆರಿ ಲಂಟಾನದ ಥರ ಹಬ್ಬಿದೆ. ಹೆಸರು ಹಿಮಾಲಯನ್! ಲೂಥರ್ ಬರ್ಬ್ಯಾಂಕ್ ಅಂತ ಗಿಡಗಳ ಮೇಲೆ ಪ್ರಯೋಗ ಮಾಡುತ್ತಿದ್ದವರು 1885ರಲ್ಲಿ ಭಾರತದಿಂದ ತರಿಸಿದ ಬೀಜದಿಂದ ಬೆಳೆಸಿ, ಹಿಮಾಲಯದ್ದೇ ಅಂದುಕೊಂಡು ಆ ಹೆಸರಿಟ್ಟರು. ಅದರ ಮೂಲ ಊರು ಆರ್ಮೇನಿಯಾ ಕಡೆ ಅಂತ ಆಮೇಲೆ ಗೊತ್ತಾಯಿತು. ನಮ್ಮ ಹಿತ್ತಲಲ್ಲೂ ಇತ್ತು. ಕಿತ್ತು ಮುಗಿಸೋಕೆ ಎರಡು ಬೇಸಿಗೆ ಹಿಡಿಯಿತು. ಮೊಣಕೈ ಮೇಲೆ ಗೀರು ಇನ್ನೂ ಇದೆ.

ಕೆಂಪುಮಣ್ಣು (ಷಾರ್ಲೆಟ್, ನಾರ್ತ್ ಕೆರೊಲಿನಾ) · ಮಾರ್ಚ್ 5

ಮಳೆರಾಯರೇ, ಮ್ಯಾರಿಯನ್ ರುಚಿ ಬಗ್ಗೆ ಜಗಳ ಇಲ್ಲ. ಆದರೆ ಅದು ನಿಮ್ಮ ಹದವಾದ ಚಳಿಯ ಗಿಡ. ನಮ್ಮಲ್ಲಿ ಫೆಬ್ರವರಿಯಲ್ಲಿ ಒಂದು ವಾರ ಸೆಕೆ, ಮರುವಾರ ನೀರು ಹೆಪ್ಪುಗಟ್ಟುವ ಚಳಿ. ಆ ಏರಿಳಿತಕ್ಕೆ ನೆಲದ ಮೇಲೆ ಹಬ್ಬುವ ಜಾತಿ ಸೊರಗಿಹೋಗುತ್ತದೆ. ಕೇರಿ ಊರಿನವರಿಗೆ ಅದನ್ನು ಹಾಕಿ ಅಂತ ಹೇಳಬೇಡಿ.

ಅಕ್ಕ, ನಾನು ನಿಮ್ಮಿಂದ ಮೂರು ಗಂಟೆ ದೂರದಲ್ಲಿದ್ದೇನೆ. ಅದೇ ಕೆಂಪು ಜೇಡಿಮಣ್ಣು. ಹನ್ನೊಂದು ವರ್ಷದಿಂದ ಬೆಳೆಸುತ್ತಿದ್ದೇನೆ. ಸ್ವಲ್ಪ ಉದ್ದ ಬರೀತೀನಿ, ಕಾಫಿ ಹಿಡಿದು ಕೂತ್ಕೊಳ್ಳಿ.

ಮೊದಲು ಗಿಡದ ಬದುಕು ಅರ್ಥ ಆಗಬೇಕು. ಇಲ್ಲದಿದ್ದರೆ ಯಾವ ತಳಿ ತಂದರೂ ಹಾಳು ಮಾಡ್ತೀರಿ. ಬಾಳೆ ಗೊತ್ತಲ್ಲ? ಒಂದು ಸಲ ಗೊನೆ ಬಿಟ್ಟ ದಿಂಡು ಮತ್ತೆ ಗೊನೆ ಬಿಡುವುದಿಲ್ಲ. ಅದನ್ನು ಕಡಿದು ಪಕ್ಕದ ಕಂದು ಬೆಳೆಸುತ್ತೀವಿ. ಇಲ್ಲೂ ಹಾಗೇ. ಬೇರು ಹತ್ತಾರು ವರ್ಷ ಇರುತ್ತದೆ. ಮೇಲೆ ಬರುವ ಕೋಲಿಗೆ ಎರಡೇ ವರ್ಷ ಆಯಸ್ಸು. ಮೊದಲ ವರ್ಷ ಸುಮ್ನೆ ಉದ್ದ ಬೆಳೆಯುತ್ತದೆ. ಚಳಿಗಾಲ ಕಳೆದು ಎರಡನೇ ಬೇಸಿಗೆಯಲ್ಲಿ ಹೂ ಬಿಟ್ಟು, ಹಣ್ಣು ಕೊಟ್ಟು ಸಾಯುತ್ತದೆ. ಅಷ್ಟರಲ್ಲಿ ಬುಡದಿಂದ ಮುಂದಿನ ವರ್ಷದ ಕೋಲು ಎದ್ದಿರುತ್ತದೆ. ಹಣ್ಣು ಬಿಟ್ಟ ಕೋಲನ್ನು ಮಾತ್ರ ಕತ್ತರಿಸಬೇಕು. ಹೊಸದನ್ನು ಮುಟ್ಟಬಾರದು. ಹಳೆಯದರ ತೊಗಟೆ ಕಂದು, ಹೊಸದು ಹಸಿರು. ಗೊಂದಲ ಆಗುವವರು ಹೊಸ ಕೋಲಿಗೆ ಬಣ್ಣದ ಉಲ್ಲನ್ ದಾರ ಕಟ್ಟಿ.

ಇದಕ್ಕೆ ಒಂದು ಅಪವಾದ ಇದೆ, ಅದಕ್ಕೆ ಆಮೇಲೆ ಬರ್ತೀನಿ.

ಎರಡನೆಯದು ನಿಲುವು. ನೆಟ್ಟಗೆ ನಿಲ್ಲುವ ಜಾತಿ: ನವಾಹೊ, ಅರಾಪಹೊ, ಕಯೋವಾ, ನೀವು ಔಆಚಿತಾ ಅಂದ ವಾಶಿಟಾ. (ಬರೆಯುವುದು ಹಾಗೆ, ಹೇಳುವುದು ವಾಶಿಟಾ. ನಾನೂ ವರ್ಷಗಟ್ಟಲೆ ಒವಾಚಿಟಾ ಅಂತಿದ್ದೆ, ಬಿಡಿ.) ಅರ್ಧ ನಿಂತು ಆಮೇಲೆ ಬಾಗುವ ಜಾತಿ: ಟ್ರಿಪಲ್ ಕ್ರೌನ್, ಚೆಸ್ಟರ್. ಇವಕ್ಕೆ ತಂತಿ ಕಟ್ಟಲೇಬೇಕು, ಕೋಲು ಹದಿನೈದು ಅಡಿ ಹೋದರೂ ಆಶ್ಚರ್ಯ ಇಲ್ಲ. ನಾಚೆಜ್ ಇವೆರಡರ ನಡುವೆ. ಮೂರನೆಯದು ಮಳೆರಾಯರ ಹಬ್ಬುವ ಜಾತಿ. ನೆಟ್ಟಗಿನವಕ್ಕೆ ಮೂರ್ನಾಲ್ಕು ಅಡಿ ಅಂತರ, ಬಾಗುವವಕ್ಕೆ ಆರು ಅಡಿ. ಅಂದರೆ ನಿಮ್ಮ 30 ಅಡಿಗೆ ನಾಲ್ಕೈದು ಗಿಡ ಧಾರಾಳ. ಒಂದೇ ಗಿಡ ಇದ್ದರೂ ಕಾಯಿ ಕಟ್ಟುತ್ತದೆ, ಜೋಡಿ ಬೇಕಿಲ್ಲ. ಚೆನ್ನಾಗಿ ಬೆಳೆದ ಟ್ರಿಪಲ್ ಕ್ರೌನ್ ಒಂದೇ 10 ಪೌಂಡ್ ಮೀರಿ ಕೊಡುತ್ತದೆ.

ನವಾಹೊ, ಅರಾಪಹೊ, ಕಯೋವಾ ಅಂತ ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳ ಹೆಸರೆಲ್ಲ ಯಾಕೆ ಅಂದರೆ, ಅವು ಆರ್ಕನ್ಸಾ ವಿಶ್ವವಿದ್ಯಾಲಯದ ತಳಿಗಳು. 1964ರಲ್ಲಿ ಜೇಮ್ಸ್ ಮೂರ್ ಶುರು ಮಾಡಿದ ಕೆಲಸ, ಆಮೇಲೆ ಜಾನ್ ಕ್ಲಾರ್ಕ್ ಮುಂದುವರಿಸಿದರು. ಮುಳ್ಳಿಲ್ಲದೆ ನೆಟ್ಟಗೆ ನಿಲ್ಲುವ ಬ್ಲ್ಯಾಕ್‌ಬೆರಿ ಅಂತ ಮೊದಲು ಬಂದದ್ದು ಅವರ ನವಾಹೊ. ವಾಶಿಟಾ 2003ರದ್ದು, ನಾಚೆಜ್ 2007ರದ್ದು.

ನನ್ನ ಅನುಭವದ ರುಚಿ: ನವಾಹೊ ಹಣ್ಣು ಚಿಕ್ಕದು, ಆದರೆ ಸಿಹಿ. ಕಿತ್ತಳೆ ಬಣ್ಣದ ತುಕ್ಕು ರೋಗ ಅದಕ್ಕೆ ಬೇಗ ಹತ್ತುತ್ತದೆ. ಬಂದರೆ ಬೇರುಸಮೇತ ಕಿತ್ತೆಸೆಯುವುದೊಂದೇ ದಾರಿ, ಎಷ್ಟು ಕತ್ತರಿಸಿದರೂ ಒಳಗಿಂದ ಹೋಗಲ್ಲ. ನಾನು ಎರಡು ಗಿಡ ಹಾಗೆ ಕಿತ್ತಿದ್ದೇನೆ. ನಾಚೆಜ್ ಹಣ್ಣು ಹೆಬ್ಬೆರಳಿಗಿಂತ ದೊಡ್ಡದು, ಎಲ್ಲಕ್ಕಿಂತ ಮೊದಲು ಬರುತ್ತದೆ, ಆದರೆ ಕೊನೆಗೆ ನಾಲಿಗೆ ಮೇಲೆ ಸಣ್ಣ ಕಹಿ ಉಳಿಯುತ್ತದೆ. ವಾಶಿಟಾ ಎಲ್ಲದರಲ್ಲೂ ಪಾಸು, ಯಾವುದರಲ್ಲೂ ರ‍್ಯಾಂಕ್ ಇಲ್ಲ. ಮನೆಗೆ ಅಂಥದ್ದೇ ಬೇಕು. ಟ್ರಿಪಲ್ ಕ್ರೌನ್ ರುಚಿಗೆ ನನ್ನ ಮೊದಲ ಮಣೆ. ಚೆಸ್ಟರ್ ಗಟ್ಟಿಗ, ಚಳಿ ತಡೆಯುತ್ತದೆ, ಹಣ್ಣು ಪೂರ್ತಿ ಮಾಗದೆ ಕಿತ್ತರೆ ಹುಳಿ. ಕಯೋವಾ ಹಣ್ಣು ನೋಡಿದರೆ ಬಾಯಿ ಬಿಡ್ತೀರಿ, ಆದರೆ ಮುಳ್ಳು ಜಾಲಿಗೆ ಸಮ. ಆರು ವರ್ಷದ ಮಗು ಇರುವ ಮನೆಗೆ ಬೇಡ.

ಜರ್ಸಿಹಸು · ಮಾರ್ಚ್ 5

ಇಷ್ಟೆಲ್ಲ ಬರೆದು ಮುಖ್ಯವಾದದ್ದೇ ಬಿಟ್ಟಿರಿ ಸರ್. ಕ್ಯಾಲೆಂಡರ್!

ಅವರ ಕಡೆ ನಾಚೆಜ್ ಜೂನ್ ಮೊದಲ ವಾರ, ವಾಶಿಟಾ ಜೂನ್ ನಡುವೆ, ನವಾಹೊ ಜೂನ್ ಕೊನೆ, ಟ್ರಿಪಲ್ ಕ್ರೌನ್ ಜುಲೈ ಹೊತ್ತಿಗೆ, ಚೆಸ್ಟರ್ ಜುಲೈ ನಡುವಿನಿಂದ. ಸರಿ ಅಲ್ವಾ? ಇವರು ಜೂನ್ 12ಕ್ಕೆ ವಿಮಾನ ಹತ್ತಿದರೆ ನಾಚೆಜ್ ಒಂದು ಬೊಗಸೆ ಸಿಗಬಹುದು. ವಾಪಸ್ ಬರುವಾಗ ಚೆಸ್ಟರ್‌ನ ಬಾಲ. ನಡುವಿನದ್ದೆಲ್ಲ ಹಕ್ಕಿಗೆ, ಪಕ್ಕದ ಮನೆಗೆ.

ಚೀಟಿಯಲ್ಲಿ ಇದನ್ನು ಯಾರೂ ಬರೆಯಲ್ಲ. ರುಚಿ, ಗಾತ್ರ, ಮುಳ್ಳು ಎಲ್ಲ ಆಮೇಲೆ. ಹಣ್ಣು ಕೀಳುವ ಮೂರು ವಾರ ನೀವು ಮನೆಯಲ್ಲಿ ಇರ್ತೀರಾ, ಅದು ಮೊದಲು. ಬ್ಲ್ಯಾಕ್‌ಬೆರಿ ಕಾಯುವ ಹಣ್ಣಲ್ಲ. ಎರಡು ದಿನಕ್ಕೊಮ್ಮೆ ಕೀಳದಿದ್ದರೆ ಗಿಡದಲ್ಲೇ ಕೊಳೆಯುತ್ತದೆ.

ಕೆಂಪುಮಣ್ಣು · ಮಾರ್ಚ್ 5

ದಿನಾಂಕ ಸರಿ ಇದೆ, ವರ್ಷದಿಂದ ವರ್ಷಕ್ಕೆ ಒಂದು ವಾರ ಹಿಂದೆ ಮುಂದೆ. ಆ ಅಪವಾದಕ್ಕೆ ಈಗ ಬರ್ತೀನಿ.

ಪ್ರೈಮ್-ಆರ್ಕ್ ಸರಣಿ. ಇವು ಮೊದಲ ವರ್ಷದ ಕೋಲಿನ ತುದಿಯಲ್ಲೇ ಹಣ್ಣು ಬಿಡುತ್ತವೆ. 2004ರಲ್ಲಿ ಪ್ರೈಮ್-ಜ್ಯಾನ್, ಪ್ರೈಮ್-ಜಿಮ್ ಅಂತ ಎರಡು ಮೊದಲು ಬಂದವು, ಎರಡಕ್ಕೂ ಮುಳ್ಳು. ಫ್ರೀಡಂ ಈ ಪೈಕಿ ಮುಳ್ಳಿಲ್ಲದ ಮೊದಲನೆಯದು. ಕೋಲನ್ನು ಉಳಿಸಿಕೊಂಡರೆ ಮುಂದಿನ ಜೂನ್‌ನಲ್ಲಿ ಒಂದು ಬೆಳೆ, ಶರತ್ಕಾಲದಲ್ಲಿ ಇನ್ನೊಂದು. ಚಳಿಗಾಲದಲ್ಲಿ ಪೂರ್ತಿ ನೆಲಮಟ್ಟಕ್ಕೆ ಕತ್ತರಿಸಿದರೆ ಜೂನ್ ಬೆಳೆ ಇಲ್ಲ, ಶರತ್ಕಾಲದ್ದು ಮಾತ್ರ. ಊರಿಗೆ ಹೋಗುವವರಿಗೆ ಹೇಳಿ ಮಾಡಿಸಿದ ಹಾಗಿದೆ.

ಡಲ್ಲಾಸ್_ಬಿಸಿಲು (ಫ್ರಿಸ್ಕೊ, ಟೆಕ್ಸಸ್) · ಮಾರ್ಚ್ 6

ಹೇಳಿ ಮಾಡಿಸಿದ್ದು ಅಂತ ಅಷ್ಟು ಸಲೀಸಾಗಿ ಹೇಳಬೇಡ್ರಿ. ನಾನು ಫ್ರೀಡಂ ಹಾಕಿ ಕೈ ಸುಟ್ಟುಕೊಂಡಿದ್ದೇನೆ. ಬಿಸಿಲು 30 ಡಿಗ್ರಿ ದಾಟಿದಾಗ ಹೂ ಬಿಟ್ಟರೆ ಕಾಯಿ ಸರಿಯಾಗಿ ಕಟ್ಟುವುದಿಲ್ಲ. ನಾಲ್ಕು ಮಣಿ ದಪ್ಪ, ನಾಲ್ಕು ಮಣಿ ಇಲ್ಲವೇ ಇಲ್ಲ, ಹಲ್ಲುದುರಿದ ಅಜ್ಜನ ಬಾಯಿ ಥರ. ಆಗಸ್ಟ್‌ನಲ್ಲಿ ನಮ್ಮಲ್ಲಿ 38 ಡಿಗ್ರಿ. ಹೂ ಬರುತ್ತೆ, ಒಣಗುತ್ತೆ, ಬರುತ್ತೆ, ಒಣಗುತ್ತೆ.

ಮಣ್ಣಿನ ವಿಷಯವನ್ನೂ ಯಾರೂ ಮಾತಾಡಲಿಲ್ಲ. ನಾನು ಗದಗಿನವನು. ಇಲ್ಲಿನ ಮಣ್ಣು ನೋಡಿದಾಗ ನಮ್ಮ ಎರೆ ಹೊಲವೇ ನೆನಪಾಯಿತು, ಹಾಗೇ ಬಿರುಕು ಬಿಡುತ್ತದೆ, ಹಾಗೇ ಬೂಟಿಗೆ ಅಂಟುತ್ತದೆ. ಹತ್ತಿಗೆ ಸರಿ, ಬೆರಿಗೆ ಅಲ್ಲ. ಪಿಎಚ್, ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆ, ಎಂಟರ ಹತ್ತಿರ. ಬ್ಲ್ಯಾಕ್‌ಬೆರಿಗೆ 5.5ರಿಂದ 6.5 ಬೇಕು. ಎಲೆ ಹಳದಿ, ನರ ಮಾತ್ರ ಹಸಿರು ಆದರೆ ಕಬ್ಬಿಣ ಸಿಗುತ್ತಿಲ್ಲ ಅಂತ ಅರ್ಥ. ಕೊನೆಗೆ ಏರುಮಡಿ ಕಟ್ಟಿ, ಪೈನ್ ತೊಗಟೆ ತುಂಬಿ, ಗಂಧಕ ಹಾಕಿದ ಮೇಲೆ ಗಿಡ ಕಣ್ಣು ಬಿಟ್ಟಿತು. ಈಗ ಕಯೋವಾ ಇದೆ. ಮುಳ್ಳಿದ್ದರೂ ಸರಿ, ಸೆಕೆಗೆ ಬಗ್ಗಲ್ಲ. ಆರು ವಾರ ಹಣ್ಣು.

ಕೆಂಪುಮಣ್ಣು · ಮಾರ್ಚ್ 6

ಸರಿಯಾದ ಮಾತು. ನಮ್ಮ ಕಡೆಯೂ ಆಗಸ್ಟ್ ಸೆಕೆ ಕಮ್ಮಿ ಇಲ್ಲ. ಅದಕ್ಕೊಂದು ಉಪಾಯ: ಮೇ ಕೊನೆಯಲ್ಲಿ ಹೊಸ ಕೋಲು ಮೂರು ಮೂರೂವರೆ ಅಡಿ ಆದಾಗ ತುದಿ ಚಿವುಟಿ. ಎರಡು ಬೆರಳಿನಲ್ಲಿ ಚಿವುಟಿದರೆ ಸಾಕು, ಕತ್ತರಿಯೂ ಬೇಡ. ಪಕ್ಕದ ಕೊಂಬೆ ಒಡೆದು ಹೂ ಬರುವುದು ಕೆಲವು ವಾರ ತಡವಾಗುತ್ತದೆ. ಸೆಪ್ಟೆಂಬರ್ ತಂಪಿಗೆ ಸಿಕ್ಕಿದ ಹೂವೆಲ್ಲ ಕಾಯಿ ಆಗುತ್ತದೆ. ಹಾಗಂತ ಫ್ರೀಡಂ ನಂಬಿ ಇಡೀ ಬೇಲಿ ತುಂಬಿಸಬೇಡಿ. ಒಂದೇ ಒಂದು ಹಾಕಿ.

ಜೇಡಿಮಣ್ಣಿಗೆ ಗುಂಡಿ ತೋಡಿ ಗೊಬ್ಬರ ತುಂಬಬೇಡಿ, ಅದು ಬಾನಿ ಥರ ನೀರು ಹಿಡಿದುಕೊಂಡು ಬೇರು ಕೊಳೆಯುತ್ತದೆ. ಬದಲು ಎಂಟು ಹತ್ತು ಇಂಚು ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಿ. ಮೇಲೆ ಮರದ ಚಕ್ಕೆ ಹಾಸಿ.

ಜಯನಗರದ_ಜಗಲಿ (ಬೆಂಗಳೂರು) · ಮಾರ್ಚ್ 8

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಆನ್‌ಲೈನ್‌ನಲ್ಲಿ "ಬ್ಲ್ಯಾಕ್‌ಬೆರಿ ಗಿಡ" ಅಂತ ತರಿಸಿದೆ. ತಾರಸಿ ಮೇಲಿದೆ, ಎಂಟೇ ತಿಂಗಳಿಗೆ ಹಣ್ಣೂ ಬಂತು. ಉದ್ದನೆಯ ಹಣ್ಣು, ಹಸಿರು ತೊಟ್ಟು ಸಮೇತ ಕಿತ್ತು ಬರುತ್ತದೆ. ನೀವು ಹೇಳುವ ಚಳಿ, ಮುಳ್ಳು, ಕೋಲು ಯಾವುದೂ ಇಲ್ಲ. ಇದು ಯಾವ ತಳಿ?

ಕಾಫಿಕಣ (ಕೊಪ್ಪ) · ಮಾರ್ಚ್ 8

ಅದರ ತಳಿಯ ಹೆಸರು ಹಿಪ್ಪುನೇರಳೆ ಮಾರಾಯ್ರೆ. ರೇಷ್ಮೆಹುಳಕ್ಕೆ ಹಾಕುವುದು.

ಎಲೆ ನೋಡಿ. ಒಂದೊಂದೇ ಅಗಲ ಎಲೆ ಇದ್ದರೆ ಹಿಪ್ಪುನೇರಳೆ. ಒಂದೇ ತೊಟ್ಟಿನಲ್ಲಿ ಮೂರೋ ಐದೋ ಎಲೆ ಇದ್ದರೆ ಬ್ಲ್ಯಾಕ್‌ಬೆರಿ. ನಮ್ಮಲ್ಲಿ ಇನ್ನೊಂದು ಗೊಂದಲ, ನೇರಳೆಹಣ್ಣಿನ ಜ್ಯೂಸಿಗೂ ಬ್ಲ್ಯಾಕ್‌ಬೆರಿ ಅಂತ ಬರೆಯುತ್ತಾರೆ.

ನಿಜವಾದ ಬ್ಲ್ಯಾಕ್‌ಬೆರಿಗೆ ಚಳಿ ಗಂಟೆ ಅಂತ ಲೆಕ್ಕ ಇದೆ. 0ಯಿಂದ 7 ಡಿಗ್ರಿ ಒಳಗೆ ಇಷ್ಟು ಗಂಟೆ ಕಳೆದರೆ ಮಾತ್ರ ಹೂ. ನವಾಹೊಗೆ 800 ಗಂಟೆ ಹತ್ತಿರ, ಕಯೋವಾಗೆ 200ರ ಮೇಲೆ. ಬೆಂಗಳೂರಿನ ದಾಖಲೆಯ ಚಳಿಯೇ 1884ರ ಜನವರಿಯಲ್ಲಿ 7.8 ಡಿಗ್ರಿ. ಅಂದರೆ ನಿಮ್ಮ ತಾರಸಿಯ ಲೆಕ್ಕ ಸೊನ್ನೆ.

ಆದರೆ ಬೇಜಾರು ಬೇಡ. ಈ ಕುಲದ ಗಿಡಗಳು ನಮ್ಮ ಘಟ್ಟದಲ್ಲೇ ಇವೆ. ಕಪ್ಪು ಹಣ್ಣು ಬಿಡುವ ಒಂದಕ್ಕೆ ಇಂಗ್ಲಿಷಿನವರು ಇಟ್ಟ ಹೆಸರೇ ಮೈಸೂರ್ ರಾಸ್‌ಬೆರಿ! ಚಳಿ ಬೇಡ ಅಂತ ಫ್ಲೋರಿಡಾದ ತೆಂಕಣ ತುದಿಯಲ್ಲಿ ಅದನ್ನೇ ಮನೆಗಳಲ್ಲಿ ಬೆಳೆಸುತ್ತಾರೆ. ಮೈಸೂರಿನವರು ಎಷ್ಟು ಜನ ಅದನ್ನು ತಿಂದಿದ್ದಾರೆ ಅಂತ ಕೇಳಬೇಡಿ.

ಹಿತ್ತಲಗಿಡ · ಮಾರ್ಚ್ 8

ಅಯ್ಯೋ, ಹಾಗಿದ್ದರೆ ಜೂನ್‌ನಲ್ಲಿ ಬರುವಾಗ ನಾನು ಒಂದೆರಡು ಕಡ್ಡಿ ಸೂಟ್‌ಕೇಸಿನಲ್ಲಿ ತರಲಾ ಜಗಲಿಯವರೇ? ಫ್ರೀಡಂಗೆ ಚಳಿಯ ಹಂಗಿಲ್ಲ ಅಲ್ವಾ?

ಕಾಫಿಕಣ · ಮಾರ್ಚ್ 9

ದಯವಿಟ್ಟು ಬೇಡ. ಆಮದು ಪರವಾನಗಿ, ರೋಗ ಇಲ್ಲ ಅನ್ನುವ ಸರ್ಟಿಫಿಕೇಟು ಇಲ್ಲದೆ ಗಿಡ, ಕಡ್ಡಿ ತರುವ ಹಾಗಿಲ್ಲ. 2003ರ ಸಸ್ಯ ಕ್ವಾರಂಟೈನ್ ಆದೇಶವೇ ಇದೆ. ಕಾಫಿಗೆ, ಮೆಣಸಿಗೆ ಹೊರಗಿಂದ ಬಂದ ರೋಗದ ಕಷ್ಟ ಉಂಡವರು ನಾವು. ಒಂದು ಕಡ್ಡಿಯ ಆಸೆಗೆ ತುಕ್ಕು ರೋಗ ಘಟ್ಟ ಹತ್ತಿದರೆ ಯಾರು ಇಳಿಸುವುದು?

ಬ್ರಿಸ್ಟಲ್_ಬೆಣ್ಣೆದೋಸೆ (ಬ್ರಿಸ್ಟಲ್) · ಮಾರ್ಚ್ 9

ನೀವು ತಳಿ, ತಂತಿ ಅಂತ ಒದ್ದಾಡ್ತಿದ್ದೀರಿ. ಇಲ್ಲಿ ಆಗಸ್ಟ್‌ನಲ್ಲಿ ಡಬ್ಬಿ ಹಿಡಿದು ಕಾಲುದಾರಿಯಲ್ಲಿ ನಡೆದರೆ ಸಾಕು, ಬೇಲಿ ತುಂಬ ಪುಕ್ಕಟೆ. ಸೊಂಟದ ಕೆಳಗಿನದು ಕೀಳಬಾರದು, ನಾಯಿಗಳು ಓಡಾಡುವ ಜಾಗ. ಸೆಪ್ಟೆಂಬರ್ 29ರ ಮಿಕೆಲ್ಮಸ್ ಹಬ್ಬ ಕಳೆದ ಮೇಲೂ ಕೀಳಬಾರದಂತೆ, ಸೈತಾನ ಬಂದು ಹಣ್ಣಿನ ಮೇಲೆ ಉಗುಳುತ್ತಾನೆ ಅಂತ ಇಲ್ಲಿನ ಅಜ್ಜಿಯರ ನಂಬಿಕೆ. ನಮ್ಮ ಹಿತ್ತಲಲ್ಲಿ ಒಂದು ಲಾಕ್ ನೆಸ್ ಇದೆ, ಸ್ಕಾಟ್ಲೆಂಡಿನ ಮುಳ್ಳಿಲ್ಲದ ತಳಿ. ಅಚ್ಚುಕಟ್ಟು ಗಿಡ. ಆದರೆ ಸತ್ಯ ಹೇಳಲಾ, ಬೇಲಿಯದ್ದೇ ರುಚಿ.

ಜರ್ಸಿಹಸು · ಮಾರ್ಚ್ 10

ಔಷಧಿ ಹೊಡೆಯುವುದು ಬೇಡ ಅಂದಿದ್ದಿರಿ. ಆ ವಿಷಯ ಬಾಕಿ ಇದೆ. ಊಟದ ಹೊತ್ತಿನಲ್ಲಿ ಓದಬೇಡಿ.

ಒಂದು ಹಣ್ಣಿನ ನೊಣ ಇದೆ, ಗಂಡು ನೊಣದ ರೆಕ್ಕೆಯಲ್ಲಿ ಒಂದು ಕಪ್ಪು ಚುಕ್ಕೆ. ಏಷ್ಯಾದಿಂದ ಬಂದದ್ದು, 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕಿತು, ಕೆಲವೇ ವರ್ಷದಲ್ಲಿ ನಮ್ಮ ಕಡೆಗೂ ಬಂತು. ಮಾಮೂಲಿ ನೊಣ ಕೊಳೆತದ್ದಕ್ಕೆ ಮುತ್ತುತ್ತದೆ. ಇದರ ಹೆಣ್ಣಿಗೆ ಗರಗಸದಂಥ ಬಾಲ, ಆಗತಾನೆ ಬಣ್ಣ ತಿರುಗುವ ಗಟ್ಟಿ ಹಣ್ಣಿಗೇ ಚುಚ್ಚಿ ಮೊಟ್ಟೆ ಇಡುತ್ತದೆ. ಬೇಸಿಗೆ ಬಲಿತಷ್ಟೂ ಇದರ ಸಂಸಾರ ಬೆಳೆಯುತ್ತದೆ. ಹಾಗಾಗಿ ಜೂನ್ ಹಣ್ಣಿಗೆ ಕಾಟ ಕಮ್ಮಿ. ಟ್ರಿಪಲ್ ಕ್ರೌನ್, ಚೆಸ್ಟರ್, ಫ್ರೀಡಂನ ಎರಡನೇ ಬೆಳೆ, ಇವಕ್ಕೆ ಜಾಸ್ತಿ.

ಪರೀಕ್ಷೆ ಸುಲಭ. ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಉಪ್ಪು ಹಾಕಿ ಹತ್ತು ಹಣ್ಣು ಮುಳುಗಿಸಿ. ಕಾಲು ಗಂಟೆ ಬಿಟ್ಟು ನೋಡಿ. ಬಿಳಿ ದಾರದ ಚೂರಿನಂಥವು ತೇಲಿದರೆ ಅದೇ. ನಾನು ಸಿಂಪಡಿಸುವುದಿಲ್ಲ. ದಿನ ಬಿಟ್ಟು ದಿನ ಕೀಳುತ್ತೇನೆ, ಬಿದ್ದದ್ದನ್ನು ಆಯ್ದು ಬಿಗಿ ಚೀಲಕ್ಕೆ ಹಾಕುತ್ತೇನೆ, ಕಿತ್ತ ಕೂಡಲೇ ಫ್ರಿಜ್‌ಗೆ. ಹಣ್ಣು ಕಾಯಿ ಇರುವಾಗಲೇ ಒಂದು ಮಿಲಿಮೀಟರ್‌ಗಿಂತ ಸಣ್ಣ ಕಣ್ಣಿನ ಬಲೆ ಹಾಕಿದರೆ ಇನ್ನೂ ಒಳ್ಳೆಯದು, ಹಕ್ಕಿಗೂ ಆಯಿತು.

ಮಳೆರಾಯ · ಮಾರ್ಚ್ 10

ಮೇಡಂ, ಉಪ್ಪುನೀರಿನ ಪರೀಕ್ಷೆ ಮಾಡಿದ ಮೇಲೆ ನಮ್ಮನೆಯಲ್ಲಿ ಎರಡು ವಾರ ಯಾರೂ ಬೆರಿ ಮುಟ್ಟಲಿಲ್ಲ. ಕೆಲವು ವಿಷಯ ತಿಳಿಯದಿರುವುದೇ ಸುಖ.

ಹಿತ್ತಲಗಿಡ · ಮಾರ್ಚ್ 19

ತಂದೆವು! ವಾಶಿಟಾ ಎರಡು, ಟ್ರಿಪಲ್ ಕ್ರೌನ್ ಒಂದು, ಫ್ರೀಡಂ ಒಂದು. ದಿಬ್ಬ ಮಾಡಿ ನೆಟ್ಟಾಯಿತು. ತಂತಿ ಮೂರು ಅಡಿಗೆ ಒಂದು, ಐದು ಅಡಿಗೆ ಒಂದು. ಈ ಜೂನ್‌ನಲ್ಲಿ ಹೇಗೂ ಹಣ್ಣಿಲ್ಲ, ನೆಮ್ಮದಿಯಾಗಿ ಊರಿಗೆ ಹೋಗ್ತೀವಿ. ನೀರಿಗೆ ಹನಿ ಪೈಪು, ಟೈಮರು. ಮುಂದಿನ ವರ್ಷದ ಪ್ರಯಾಣದ ಬಗ್ಗೆ ನಮ್ಮವರ ಹತ್ತಿರ ಮಾತುಕತೆ ನಡೀತಿದೆ. "ಬೆರಿಗೋಸ್ಕರ ಟಿಕೆಟ್ ಮುಂದೂಡೋದಾ?" ಅಂತಾರೆ.

ಹಿತ್ತಲಗಿಡ · ಅಕ್ಟೋಬರ್ 8, 2023

ಫ್ರೀಡಂನಲ್ಲಿ ಹಣ್ಣು ಬಂತು. ಒಟ್ಟು ಇಪ್ಪತ್ಮೂರು. ಮಗಳು ಎಣಿಸಿ ಫ್ರಿಜ್ ಮೇಲೆ ಬರೆದಿಟ್ಟಿದ್ದಾಳೆ. ಆಗಸ್ಟ್‌ನವು ಸೊಟ್ಟ, ಸೆಪ್ಟೆಂಬರ್ ಕೊನೆಯವು ಚೆನ್ನಾಗಿದ್ದವು, ಡಲ್ಲಾಸ್‌ನವರು ಹೇಳಿದ ಹಾಗೇ.

ಹಿತ್ತಲಗಿಡ · ಮಾರ್ಚ್ 2, 2024

ಅನಾಹುತ ಆಗಿದೆ. ನಾನು ಆಫೀಸಿನ ಕೆಲಸಕ್ಕೆ ಮೂರು ದಿನ ಅಟ್ಲಾಂಟಾಗೆ ಹೋಗಿದ್ದೆ. ಈ ಥ್ರೆಡ್ ಓದಿದ ನಮ್ಮವರು, "ಚಳಿಗಾಲದಲ್ಲಿ ಪೂರ್ತಿ ನೆಲಮಟ್ಟಕ್ಕೆ ಕತ್ತರಿಸಿದರೆ" ಅನ್ನುವ ಸಾಲು ಹಿಡಿದು ನನಗೆ ಸಹಾಯ ಮಾಡಿದ್ದಾರೆ. ನಾಲ್ಕೂ ಗಿಡಕ್ಕೆ. ವಾಶಿಟಾದ ಏಳು ದಪ್ಪ ಕೋಲು, ಟ್ರಿಪಲ್ ಕ್ರೌನಿನ ಹತ್ತಡಿ ಉದ್ದದ ಬಳ್ಳಿ, ಎಲ್ಲ ಚೊಕ್ಕವಾಗಿ ಕತ್ತರಿಸಿ, ಕಂತೆ ಕಟ್ಟಿ, ಕಸದ ಗಾಡಿಗೆ ಇಟ್ಟಿದ್ದರು. "ನೋಡು, ಎಷ್ಟು ನೀಟಾಗಿದೆ" ಅಂದರು.

ಕೆಂಪುಮಣ್ಣು · ಮಾರ್ಚ್ 2

ತಪ್ಪು ನನ್ನದು. ಆ ಸಾಲು ಫ್ರೀಡಂಗೆ ಮಾತ್ರ ಅಂತ ದೊಡ್ಡ ಅಕ್ಷರದಲ್ಲಿ ಬರೆಯಬೇಕಿತ್ತು. ಗಿಡ ಸಾಯುವುದಿಲ್ಲ, ಬೇರು ಗಟ್ಟಿ ಇರುತ್ತದೆ. ಈ ವರ್ಷ ವಾಶಿಟಾ, ಟ್ರಿಪಲ್ ಕ್ರೌನ್ ಹಣ್ಣು ಇಲ್ಲ ಅಷ್ಟೇ. ಬರುವ ಹೊಸ ಕೋಲು ಮೂರು ಮೂರೂವರೆ ಅಡಿಗೆ ಚಿವುಟಿ, ಮುಂದಿನ ವರ್ಷ ದುಪ್ಪಟ್ಟು ತಗೊಳ್ಳಿ.

ಜರ್ಸಿಹಸು · ಮಾರ್ಚ್ 3

ಒಳ್ಳೆಯದೇ ಆಯಿತು. ಟಿಕೆಟ್ ಮುಂದೂಡುವ ಜಗಳ ತಪ್ಪಿತು. ಭಾವನವರಿಗೆ ನಮಸ್ಕಾರ ಹೇಳಿ, ಕತ್ತರಿ ಬಚ್ಚಿಡಿ.

ಹಿತ್ತಲಗಿಡ · ಜುಲೈ 13, 2025

ಕೊನೆಗೂ ಬಂದೆ. ಈ ವರ್ಷ ನಾವು ಹೋಗಲಿಲ್ಲ, ಅಪ್ಪ ಅಮ್ಮನೇ ಮೇ ತಿಂಗಳಲ್ಲಿ ಇಲ್ಲಿಗೆ ಬಂದರು. ಬೆಳಿಗ್ಗೆ ಆರಕ್ಕೇ ಅಪ್ಪ ಬೇಲಿ ಹತ್ತಿರ. ಮೊದಲ ವಾರ ಹೊಳೆಯುವ ಕಪ್ಪು ಹಣ್ಣು ಕಿತ್ತು ತಂದು "ಇದೇನಮ್ಮ, ಹುಣಸೆಹಣ್ಣಿಗಿಂತ ಹುಳಿ" ಅಂದರು. ಮಗಳೇ ತಾತನಿಗೆ ಪಾಠ ಮಾಡಿದಳು: ಹೊಳೆಯುತ್ತಿದ್ದರೆ ಬಿಡಬೇಕು, ಹೊಳಪು ಹೋಗಿ ಮಂಕಾದ ಮೇಲೆ ಮುಟ್ಟಬೇಕು, ಎಳೆಯಬಾರದು, ಅದಾಗಿಯೇ ಕೈಗೆ ಬೀಳಬೇಕು. ಈಗ ತಾತ ಒಂದೊಂದನ್ನೂ ಬೆರಳಲ್ಲಿ ಎತ್ತಿ ನೋಡಿ, "ನಾಳೆ" ಅಂತ ಅದಕ್ಕೇ ಹೇಳಿ ಬರುತ್ತಾರೆ.

ಹುಳಿ ಹಣ್ಣು ಅಮ್ಮ ಬಿಸಾಕಲು ಬಿಡಲಿಲ್ಲ. ಸಾಸಿವೆ, ಮೆಂತ್ಯ, ಒಣಮೆಣಸಿನಕಾಯಿ ಒಗ್ಗರಣೆ, ಬೆಲ್ಲ ಹಾಕಿ ಗೊಜ್ಜು ಮಾಡಿದರು. ಬಣ್ಣ ನೋಡಿ ಹೆದರಿದ್ದೆ, ಬೀಟ್‌ರೂಟಿಗಿಂತ ಗಾಢ. ಬೀಜ ಹಲ್ಲಿಗೆ ಸಿಗುತ್ತೆ ಅನ್ನೋದು ಬಿಟ್ಟರೆ ಬಿಸಿ ಅನ್ನಕ್ಕೆ ಸೂಪರ್.

ವಾಶಿಟಾ ಮೂರು ವಾರ ಕೊಟ್ಟಿತು. ಕೆಲವು ಹಣ್ಣಿನಲ್ಲಿ ನಾಲ್ಕೈದು ಮಣಿ ಬೆಳ್ಳಗಾಗಿದ್ದವು, ಬಿಸಿಲಿನ ಝಳಕ್ಕಂತೆ, ತಿನ್ನಬಹುದು. ಈಗ ಟ್ರಿಪಲ್ ಕ್ರೌನ್ ನಡೀತಿದೆ. ಕೆಂಪುಮಣ್ಣಿನವರೇ, ಮೊದಲ ಮಣೆ ಅಂದಿದ್ದು ಸರಿ. ಉಪ್ಪುನೀರಿನ ಪರೀಕ್ಷೆ ನಾನು ಮಾಡಿಲ್ಲ. ಮಾಡುವುದೂ ಇಲ್ಲ.

ಕೆಂಪುಮಣ್ಣು · ಜುಲೈ 13

ಗೊಜ್ಜಿನ ಅಳತೆ ಕಳಿಸಿ ಅಕ್ಕ. ಮತ್ತೆ, ಆಗಸ್ಟ್ ಕೊನೆಯಲ್ಲಿ ಟ್ರಿಪಲ್ ಕ್ರೌನಿನ ಹೊಸ ಬಳ್ಳಿಯ ತುದಿಯನ್ನು ಬಗ್ಗಿಸಿ ಮೂರು ಇಂಚು ಮಣ್ಣಲ್ಲಿ ಹೂತುಬಿಡಿ. ವಸಂತಕ್ಕೆ ಬೇರು ಬಿಟ್ಟ ಹೊಸ ಗಿಡ. ಅದಕ್ಕೆ ಪೇಟೆಂಟ್ ಇಲ್ಲ, ಯಾರಿಗೆ ಬೇಕಾದರೂ ಕೊಡಬಹುದು. ಫ್ರೀಡಂಗೆ ಹಾಗೆ ಮಾಡಬೇಡಿ, ಅದು ಪೇಟೆಂಟ್ ಇರುವ ತಳಿ.

ಮೂರನೇಮಹಡಿ (ಜರ್ಸಿ ಸಿಟಿ, ನ್ಯೂ ಜೆರ್ಸಿ) · ಜುಲೈ 15

ಪೂರ್ತಿ ಓದಿದೆ, ಬಾಯಲ್ಲಿ ನೀರು. ನಮಗೆ ಹಿತ್ತಲಿಲ್ಲ. ಅಪಾರ್ಟ್‌ಮೆಂಟಿನ ಬಾಲ್ಕನಿ, ಬೆಳಿಗ್ಗೆ ಐದು ಗಂಟೆ ಬಿಸಿಲು. ಕುಂಡದಲ್ಲಿ ಆಗುತ್ತಾ?

ಜರ್ಸಿಹಸು · ಜುಲೈ 15

ಬೇಬಿ ಕೇಕ್ಸ್ ಅಂತ ಒಂದು ಗಿಡ್ಡ ತಳಿ ಇದೆ, ಮುಳ್ಳಿಲ್ಲ, ಕುಂಡಕ್ಕೆಂದೇ ಮಾಡಿದ್ದು. ಹೆಸರು ಕೇಳಿ ನಗಬೇಡಿ. ದೊಡ್ಡ ಕುಂಡ ತಗೊಳ್ಳಿ, ತಳದಲ್ಲಿ ತೂತಿರಲಿ. ಐದು ಗಂಟೆ ಬಿಸಿಲು ಸ್ವಲ್ಪ ಕಮ್ಮಿಯೇ, ಆದರೂ ನೋಡೋಣ.

ಅದಿರಲಿ, ನೀವು ಊರಿಗೆ ಯಾವ ತಿಂಗಳು ಹೋಗ್ತೀರಿ?